ಸುತ್ತಣ್ಣನ ಲೆಕ್ಕ

ದೀಪ ಇರಲಿ, ಈಗಲೇ ಆರಿಸಬೇಡಿ. ಕತೆ ಮುಗಿದ ಮೇಲೆ ಯಾರಿಗೆ ಧೈರ್ಯ ಇರುತ್ತೋ ಅವರು ಎದ್ದು ಹೋಗಿ ಆರಿಸಲಿ.

ಇದು ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದು. ಅರ್ಧ ನನಗೂ ಆಗಿದ್ದು... ಅದನ್ನ ಆಮೇಲೆ ಹೇಳ್ತೀನಿ.

ಅಣ್ಣ ಅವತ್ತು ಅಂಗಡಿ ಬಾಗಿಲು ಎಳೆದಾಗ ರಾತ್ರಿ ಹತ್ತೂವರೆ. ಸುಟ್ಟ ಮೋಟಾರು ರಿಪೇರಿ ಮಾಡೋ ಅಂಗಡಿ ಅವನದು. ಅಲ್ಲಿಂದ ಮನೆಗೆ ನಡೆದರೆ ಕಾಲು ಗಂಟೆ. ಮಧ್ಯದಲ್ಲಿ ಒಂದು ಹಳೇ ಬಾವಿ. ಸುತ್ತ ಸೊಂಟದೆತ್ತರ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ, ಪಕ್ಕದಲ್ಲಿ ಪಂಪಿನ ಶೆಡ್ಡು. ಬೀದಿ ದೀಪ ಬಾವಿಗಿಂತ ಹಿಂದೆ ಒಂದಿದೆ, ಮುಂದೆ ಒಂದಿದೆ. ಬಾವಿ ಹತ್ತಿರ ಇಲ್ಲ.

ಅಣ್ಣನಿಗೆ ಇದೆಲ್ಲ ಲೆಕ್ಕಕ್ಕೇ ಇಲ್ಲ. ಯಾರಾದರೂ ದೆವ್ವದ ಮಾತೆತ್ತಿದರೆ, "ಅದಕ್ಕೂ ಎಲ್ಲೋ ಒಂದು ಫ್ಯೂಸ್ ಇರುತ್ತೆ, ಕಿತ್ತರೆ ಆಯ್ತು" ಅನ್ನೋನು. ಏನೋ ಹಾಡು ಗುನುಗುತ್ತಾ ಬಂದ. ಶೆಡ್ಡು ದಾಟಬೇಕು ಅನ್ನೋಷ್ಟರಲ್ಲಿ ನಿಂತ.

ಕಿರ್ರ್... ಟಿಕ್.

ಒಳಗಿಂದ. ಜೋರಾಗಿ ಅಲ್ಲ. ಎಣ್ಣೆ ಕಾಣದ ಹಿಡಿ ತಿರುಗಿಸಿದ ಹಾಗೆ ಕಿರ್ರ್, ಅದರ ಹಿಂದೆಯೇ ಹಲ್ಲು ಕಚ್ಚಿದ ಹಾಗೆ ಟಿಕ್. ಆಮೇಲೆ ಪಿಸುಮಾತು.

"ಒಂದು..."

ಕಿರ್ರ್... ಟಿಕ್.

"ಎರಡು..."

ಯಾರೋ ಒಳಗೆ ಸೇರಿಕೊಂಡಿದ್ದಾರೆ ಅಂದುಕೊಂಡ. ಬಾಗಿಲು ಮುಟ್ಟಿದ. ಹೊರಗಿಂದ ಬೀಗ. ತಣ್ಣಗಿತ್ತು. ಆಗ ಅವನಿಗೆ ನೆನಪಾಯ್ತು, ಆ ಶೆಡ್ಡಿನಲ್ಲಿ ತಿರುಗೋ ವಸ್ತು ಅಂತ ಒಂದೂ ಇಲ್ಲ. ಅದರ ಮೋಟಾರು ಸುಟ್ಟು, ಎರಡು ದಿನದಿಂದ ಇವನದೇ ಅಂಗಡಿ ಮೇಜಿನ ಮೇಲೆ ಬಿಚ್ಚಿ ಬಿದ್ದಿತ್ತು. ಒಳಗೆ ಇದ್ದದ್ದು ಒಂದು ಪೈಪು, ಒಂದು ಸ್ವಿಚ್ಚು.

ಎಣಿಕೆ ನಿಲ್ಲಲಿಲ್ಲ. ಕಾಲು ಏಳಲಿಲ್ಲ. ಅಷ್ಟೂ ಕೇಳಿಸಿಕೊಂಡು ನಿಂತ.

"ಮೂವತ್ತೊಂಬತ್ತು... ನಲವತ್ತು... ನಲವತ್ತೊಂದು..."

ನಿಂತಿತು. ಬಾವಿಯೊಳಗೆ ನೀರಿನ ಹನಿ ಬಿದ್ದದ್ದು ಕೇಳಿಸ್ತು. ಆಮೇಲೆ, ಬಾಗಿಲಿನ ಆ ಕಡೆಗೇ ಬಾಯಿ ಇಟ್ಟ ಹಾಗೆ, ಬಲು ಹತ್ತಿರದಿಂದ...

"ಎಷ್ಟಾಯ್ತು?"

ಅಣ್ಣ ಕಾಲಿಗೆ ಬುದ್ಧಿ ಹೇಳಿದ. ಎಡಗಾಲಿನ ಚಪ್ಪಲಿ ಅಲ್ಲೇ ಬಿತ್ತು. ಮಾರನೇ ದಿನ ಹಗಲಲ್ಲೂ ತರಲಿಕ್ಕೆ ಹೋಗಲಿಲ್ಲ, ಹೊಸ ಜೊತೆ ಕೊಂಡ. ಫ್ಯೂಸ್ ಕೀಳೋ ಶೂರ.

ಎಣಿಸಿದರೆ ಏನಂತೆ, ಅದಕ್ಕೆ ಓಡಬೇಕಾ ಅಂತ ನೀವು ಕೇಳಬಹುದು. ಆ ದನಿ ಅವನಿಗೆ ಗೊತ್ತಿತ್ತು. ಹದಿನೈದು ವರ್ಷ ಅದೇ ದನಿಯ ಪಕ್ಕ ಕೂತು ಕೆಲಸ ಮಾಡಿದ್ದ. ಆ ದನಿಯ ಮನುಷ್ಯ ಸತ್ತು ಐದು ತಿಂಗಳಾಗಿತ್ತು.

ಸುತ್ತಣ್ಣ ಅಂತ ಕರೀತಿದ್ವಿ ನಾವು ಅವನನ್ನ. ಅಂಗಡಿಯಲ್ಲಿ ಇಬ್ಬರದೂ ಪಾಲು. ಅಣ್ಣ ಮನೆಮನೆಗೆ ಹೋಗಿ ಮೋಟಾರು ತರೋದು, ಬಿಚ್ಚೋದು, ಸುಟ್ಟ ತಾಮ್ರ ಕಿತ್ತು ಹಾಕೋದು. ಸುತ್ತಣ್ಣ ಹೊಸ ತಂತಿ ಸುತ್ತೋದು. ಸುತ್ತೋ ಮಷೀನಿಗೆ ಸುತ್ತು ಎಣಿಸೋ ಒಂದು ಕೌಂಟರ್ ಇತ್ತು, ಅದರ ಅಂಕಿ ಯಾವ ಕಾಲದಲ್ಲೋ ಸಿಕ್ಕಿಕೊಂಡು ಬರೀ ಟಿಕ್ ಅನ್ನೋ ಶಬ್ದ ಉಳಿದಿತ್ತು. ಹೊಸದು ಹಾಕಿಸಿ ಅಂದರೆ ಇಬ್ಬರೂ ನಾಳೆ ಅನ್ನೋರು. ಅದಕ್ಕೆ ಅವನು ಬಾಯಲ್ಲೇ ಎಣಿಸೋನು, ಪಿಸುಗುಡುತ್ತಾ. ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ತಲೆ ಎತ್ತದೆ ಒಂದು ಬೆರಳು ಎತ್ತೋನು. ತಾಳಿ, ಅಂತ.

ಆದರೂ ಒಮ್ಮೊಮ್ಮೆ ಎಣಿಕೆ ತಪ್ಪೋದು. ಆಗ ಕೇಳೋನು, "ಎಷ್ಟಾಯ್ತು?"

ಅಣ್ಣ ತನ್ನ ಕೆಲಸ ಮಾಡುತ್ತಲೇ ಅವನ ಎಣಿಕೆಗೂ ಒಂದು ಕಿವಿ ಕೊಟ್ಟಿರೋನು. "ಇಪ್ಪತ್ತಾರು" ಅಂದರೆ ಇಪ್ಪತ್ತಾರೇ. ಅದೇ ಅವರ ಕೆಲಸದ ಪದ್ಧತಿ. ಇವನು ಹೇಳಿದ ಸಂಖ್ಯೆ ತಪ್ಪಾಗಿದ್ದರೆ ಸುತ್ತಣ್ಣನ ಬೆರಳಿಗೇ ಗೊತ್ತಾಗಿಬಿಡೋದು. ಬೈತಿರಲಿಲ್ಲ. ಸುತ್ತಿದ್ದನ್ನೆಲ್ಲ ಸರ್ರ್... ಅಂತ ಬಿಚ್ಚಿ, ಮತ್ತೆ ಒಂದರಿಂದ ಶುರು ಮಾಡೋನು.

ಈ ಅಂಗಡಿಗೆ ಒಂದು ಬ್ಲಾಗ್ ಇತ್ತು. ನಗಬೇಡಿ. ಅದರ ಹೆಸರು "ಸುಟ್ಟ ವಾಸನೆ". ರಿಪೇರಿಗೆ ಹೋದ ಮನೆಗಳ ಕತೆ. ಫ್ಯಾನು ನಿಂತಿದ್ದಕ್ಕೆ ಗಂಡ ಹೆಂಡತಿ ಮಾತು ಬಿಟ್ಟಿದ್ದು, ಸತ್ತ ಮಗನ ಟೇಬಲ್ ಫ್ಯಾನ್ ರಿಪೇರಿ ಮಾಡಿ ಆದರೆ ಹಾಕಿ ತೋರಿಸಬೇಡಿ ಅಂದ ತಾಯಿ... ಅಂಥವು. ಒಂಬತ್ತು ವರ್ಷ ನಡೀತು. ಕೆಳಗೆ ಎರಡು ಹೆಸರು ಇರೋವು. ಕೆಲವಕ್ಕೆ "ಬಿಚ್ಚೋನು". ಕೆಲವಕ್ಕೆ "ಸುತ್ತೋನು".

ಮನೆಯವರೆಲ್ಲ ಎರಡೂ ಅಣ್ಣನೇ ಅಂದುಕೊಂಡಿದ್ದೆವು. ಯಾರಾದರೂ ಹೊಗಳಿದರೆ ಅವನು ತಲೆ ಕೆರೆದುಕೊಂಡು ನಗೋನು. ಹೌದು ಅಂತಿರಲಿಲ್ಲ, ಅಲ್ಲ ಅಂತಲೂ ಇರಲಿಲ್ಲ. ಸುತ್ತಣ್ಣ ಬರೀತಾನೆ ಅಂತ ಯಾರಿಗೆ ಹೊಳೆಯುತ್ತೆ? ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಒಂಬತ್ತು ಸಂಖ್ಯೆ.

ನನಗೆ ಆ ಬ್ಲಾಗಿನಲ್ಲಿ ಒಂದು ಬರಹ ಪ್ರಾಣ. "ಮುಷ್ಟಿ" ಅಂತ ಅದರ ಹೆಸರು. ಬಿಚ್ಚೋನು ಬರೆದದ್ದು, ಅಂದರೆ ಅಣ್ಣ. ಒಂದು ವರ್ಷ ನನ್ನ ಹುಟ್ಟಿದ ದಿನಕ್ಕೆ ಸರಿಯಾಗಿ ಹಾಕಿದ್ದ. ನಾನು ಚಿಕ್ಕವಳಿದ್ದಾಗ ರಜೆಯಲ್ಲಿ ಅಂಗಡಿಗೆ ಹೋಗಿ ಕೂರ್ತಿದ್ದೆ. ಒಂದು ದಿನ ಬೆಸುಗೆ ಹಾಕೋ ಕಡ್ಡಿ ತಪ್ಪು ತುದಿಯಲ್ಲಿ ಹಿಡಿದು ಅಂಗೈ ಸುಟ್ಟುಕೊಂಡೆ. ಬೈತಾರೆ ಅಂತ ಮುಷ್ಟಿ ಬಿಗಿ ಮಾಡಿ, ಏನೂ ಆಗದವಳ ಹಾಗೆ ನಗುತ್ತಾ ನಿಂತಿದ್ದೆ. ಅದೇ ಬರಹ. ಕೊನೆ ಸಾಲು ನನಗೆ ಬಾಯಿಪಾಠ: "ನೋವನ್ನ ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ನಗೋರನ್ನ ಕಂಡರೆ ನನಗೆ ಮಾತು ಹೊರಡೋದಿಲ್ಲ. ಇವಳು ನನ್ನ ತಂಗಿ ಅಂತ ಮನಸ್ಸಲ್ಲೇ ಅಂದುಕೊಂಡೆ." ಅಣ್ಣ ಅದನ್ನ ಯಾವಾಗ ಗಮನಿಸಿದನೋ ಅಂತ ಅತ್ತುಬಿಟ್ಟಿದ್ದೆ. ಪ್ರಿಂಟ್ ತೆಗೆದು ಬೀರುವಿನಲ್ಲಿ ಬಟ್ಟೆ ಕೆಳಗೆ ಇಟ್ಟಿದ್ದೆ. ಬೇಜಾರಾದಾಗ ತೆಗೆದು ಓದ್ತಿದ್ದೆ.

ಸುತ್ತಣ್ಣ ಜ್ವರ ಅಂತ ಮಲಗಿದವನು ಏಳಲಿಲ್ಲ. ಅವನು ಹೋಗಿ ನಾಲ್ಕು ತಿಂಗಳಿಗೆ ಬ್ಲಾಗ್ ಇಟ್ಟಿದ್ದ ಕಂಪನಿಯಿಂದ ಒಂದು ಮೇಲ್ ಬಂತು. ಮುಂದಿನ ತಿಂಗಳ ಕೊನೆಗೆ ಬಾಗಿಲು ಹಾಕ್ತೀವಿ, ನಿಮ್ಮ ಬರಹ ನೀವು ಬೇರೆ ಕಡೆ ಸಾಗಿಸಿಕೊಳ್ಳಿ, ಇಲ್ಲದಿದ್ದರೆ ಅಳಿಸಿ ಹಾಕ್ತೀವಿ. ಅಣ್ಣ ನನಗೆ ಫೋನ್ ಮಾಡಿದ. ನಾನು ಫೋಟೋ ಸ್ಟುಡಿಯೋದಲ್ಲಿ ಕಂಪ್ಯೂಟರ್ ಕೆಲಸದವಳು, ಸ್ಟುಡಿಯೋ ವೆಬ್‌ಸೈಟ್ ನಾನೇ ನೋಡಿಕೊಳ್ಳೋದು. ಭಾನುವಾರ ಮಧ್ಯಾಹ್ನ ಅಂಗಡಿಗೆ ಹೋದೆ.

ಬ್ಲಾಗ್ ಸಾಗಿಸೋದು ಮನೆ ಬದಲಾಯಿಸಿದ ಹಾಗೆಯೇ. ದೊಡ್ಡ ಸಾಮಾನು ಬೇಗ ಹೋಗುತ್ತೆ, ಮೊಳೆ, ಕೊಕ್ಕೆ, ಡಬ್ಬಿ ಮುಚ್ಚಳಗಳದೇ ಗೋಳು. ನೂರಾ ಹನ್ನೆರಡು ಬರಹ ಒಂದೇ ಫೈಲಿನಲ್ಲಿ ಇಳಿದು ಬಂತು. ಫೋಟೋ ಒಂದೂ ಬರಲಿಲ್ಲ, ಅಷ್ಟನ್ನೂ ಒಂದೊಂದಾಗಿ ಏರಿಸಬೇಕಾಯ್ತು. ಹಳೇ ವಿಳಾಸ ಹೊಡೆದವರು ತಾವಾಗಿಯೇ ಹೊಸ ಜಾಗಕ್ಕೆ ಬರೋ ಹಾಗೆ ಮಾಡಬೇಕಾಯ್ತು. ಅದಕ್ಕೆಲ್ಲ ಮೊದಲು, ಫೈಲನ್ನು ಹೊಸ ಕಡೆ ಹಾಕುವಾಗ ಅದು ಒಂದು ಪ್ರಶ್ನೆ ಕೇಳುತ್ತೆ. ಹಳೇ ಲೇಖಕರು ಇಂತಿಂಥವರು ಇದ್ದಾರೆ, ಇವರ ಬರಹಗಳನ್ನ ಇಲ್ಲಿ ಯಾರ ಹೆಸರಿಗೆ ಹಾಕಲಿ?

ಎರಡು ಹೆಸರು ತೋರಿಸ್ತು. ಬಿಚ್ಚೋನು. ಸುತ್ತೋನು.

"ಅಣ್ಣ, ಎರಡು ಖಾತೆ ಯಾಕಿದೆ?" ಅಂದೆ.

ಅವನು ಬೇರಿಂಗ್ ಒರೆಸ್ತಾ ಇದ್ದ. "ಎರಡೂ ನಾನೇ ಕಣೇ. ತಮಾಷೆಗೆ ಇಟ್ಟುಕೊಂಡಿದ್ದು. ಒಂದೇ ಹೆಸರಿಗೆ ಹಾಕ್ಬಿಡು, ತಲೆನೋವು ಬೇಡ."

"ನಿಜ ತಾನೇ?"

"ಪುಟ್ಟಿ, ನಂದು ನಂಗೊತ್ತಿಲ್ವಾ?"

ಸುತ್ತೋನು ಅನ್ನೋ ಹೆಸರಿನ ಮುಂದೆ ಬಿಚ್ಚೋನು ಅಂತ ಆರಿಸಿದೆ. ಗುಂಡಿ ಒತ್ತಿದೆ. ನೂರಾ ಹನ್ನೆರಡೂ ಒಂದೇ ಹೆಸರಿಗೆ ಹೋಗಿ ಬಿತ್ತು. ಒತ್ತಿದ್ದು ಈ ಬೆರಳು. ಅದಕ್ಕೇ ಅರ್ಧ ನನಗೂ ಆಗಿದ್ದು ಅಂದೆ.

ಬುಧವಾರ ರಾತ್ರಿ ಬಾವಿ ಹತ್ತಿರ ಆ ಶಬ್ದ. ಗುರುವಾರ ಹಿಂದಿನ ದೀಪದ ಹತ್ತಿರಕ್ಕೇ ಕೇಳಿಸಿ, ಅಲ್ಲಿಂದಲೇ ತಿರುಗಿದನಂತೆ. ಶುಕ್ರವಾರ ಸುತ್ತು ದಾರಿ ಹಿಡಿದು ಹೋದನಂತೆ. ಶನಿವಾರ ಬೆಳಿಗ್ಗೆ ನನಗೆ ಫೋನ್, ಪಿಸುಗುಡೋ ದನಿಯಲ್ಲಿ.

"ಪುಟ್ಟಿ... ಆ ಕಂಪ್ಯೂಟರಲ್ಲಿ ಏನಾದ್ರೂ ತಪ್ಪಾಗಿದ್ಯಾ ನೋಡ್ತೀಯಾ?"

"ಏನು ತಪ್ಪು?"

"ಗೊತ್ತಿಲ್ಲ. ಬಂದು ನೋಡು."

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ. ಬಾವಿಯಲ್ಲಿ ಶಬ್ದ ಬಂದರೆ ಯಾರಾದರೂ ಬ್ಲಾಗ್ ಪರೀಕ್ಷೆ ಮಾಡಿಸ್ತಾರಾ? ನನಗೆ ಆಗ ಹೊಳೀಲಿಲ್ಲ. ಅಂಗಡಿಗೆ ಹೋದೆ. ಅಲ್ಲಿ ಬಾವಿ ವಿಷಯ ಪೂರ್ತಿ ಹೇಳಿದ. ಎಣಿಕೆ ಎಲ್ಲಿಗೆ ನಿಲ್ಲುತ್ತೆ ಅನ್ನೋದನ್ನೂ ಹೇಳಿದ. ನಾನು ಸುಮ್ಮನೆ ಹಳೇ ಫೈಲ್ ತೆಗೆದೆ. ಯಾವ ಖಾತೆಯಲ್ಲಿ ಎಷ್ಟು ಬರಹ ಅಂತ ನೋಡಿದೆ.

ಬಿಚ್ಚೋನು, ಎಪ್ಪತ್ತೊಂದು.

ಸುತ್ತೋನು, ನಲವತ್ತೊಂದು.

ಸುತ್ತೋನು ಖಾತೆಯ ಮೇಲ್ ವಿಳಾಸ ನೋಡಿದೆ. ಅಣ್ಣನದಲ್ಲ.

"ಅಣ್ಣ. ಸುತ್ತೋನು ನೀನಲ್ಲ."

ಅವನು ಕೈಯಲ್ಲಿದ್ದ ಸ್ಪಾನರ್ ಮೇಜಿನ ಮೇಲಿಟ್ಟ.

"ನನ್ನ ಕೈಯಿಂದ ಮಾಡಿಸಿದ್ಯಲ್ಲ."

"ಒಬ್ಬರು ಪುಸ್ತಕ ಮಾಡ್ತೀನಿ ಅಂದಿದಾರೆ," ಅಂದ. "ಬರೆದೋರು ನೀವೊಬ್ಬರೇ ತಾನೇ ಅಂತ ಕೇಳಿದ್ರು. ಹೌದು ಅಂತ ಬಾಯಿಗೆ ಬಂತು. ಬಂದ್ಮೇಲೆ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ. ಸತ್ತೋನಿಗೆ ಹೆಸರು ಕಟ್ಟಿಕೊಂಡು ಏನಾಗ್ಬೇಕು ಪುಟ್ಟಿ? ಅವನು ಇದ್ದಾಗ್ಲೂ ಕೇಳ್ದೋನಲ್ಲ."

ಬೈಯೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಲ್ಲಿ ನೆರಳು.

ಅತ್ತಿಗೆ. ಸುತ್ತಣ್ಣನ ಹೆಂಡತಿ. ಹೊಲಿಗೆ ಅಂಗಡಿಗೆ ಹೋಗೋ ದಾರಿಯಲ್ಲಿ ಬಂದಿದ್ದರು, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು. ಕೈಯಲ್ಲಿ ಗಾಜು ಸೀಳು ಬಿಟ್ಟ ಫೋನು.

"ಒಂದು ವಿಷಯ ಕೇಳೋಣ ಅಂತ ಬಂದೆ," ಅಂದರು. "ಇವರು ಬರೆದಿದ್ದನ್ನ ನಾನು ದಿನಾ ರಾತ್ರಿ ಒಂದೊಂದು ಓದ್ತೀನಿ. ಮುಗಿದ್ರೆ ಮತ್ತೆ ಮೊದ್ಲಿಂದ. ಈ ವಾರ ನೋಡಿದ್ರೆ ಎಲ್ಲದರ ಕೆಳಗೂ ನಿಮ್ಮ ಹೆಸರಿದೆ. ಏನೋ ತಪ್ಪಾಗಿರಬೇಕು ಅಲ್ವಾ?"

ನಾನು ಅಣ್ಣನ ಮುಖ ನೋಡಿದೆ. ಹೂಂ ಅತ್ತಿಗೆ, ತಪ್ಪಾಗಿದೆ, ಸರಿ ಮಾಡ್ತೀವಿ ಅನ್ನು. ಅಷ್ಟು ಸಾಕು. ಅಷ್ಟು ಅಂದಿದ್ದರೆ ನಾನು ಈ ಕತೆ ಹೇಳ್ತಾನೇ ಇರಲಿಲ್ಲ.

"ಅತ್ತಿಗೆ..." ಅಂದ. "ಅವನು ಬರೀತಿರ್ಲಿಲ್ಲ. ನಾನು ಹೇಳ್ತಿದ್ದೆ, ಅವನು ಟೈಪ್ ಮಾಡ್ತಿದ್ದ. ಅದಕ್ಕೆ ಅವನ ಹೆಸರಿತ್ತು, ಅಷ್ಟೇ."

ಅತ್ತಿಗೆ ಫೋನ್ ನೋಡಿದರು. ಮತ್ತೆ ಅಣ್ಣನನ್ನ ನೋಡಿದರು. ಅವರು ಜಗಳ ಮಾಡಿದ್ದರೆ ಚೆನ್ನಾಗಿತ್ತು.

"ಹಾಗಾ," ಅಂದರು. "ನಂಗೆ ಅವರೇ ಬರೆದದ್ದು ಅಂತ ಹೇಳಿದ್ರಲ್ಲ. ಒಂದೊಂದು ಬರೆದಾಗ್ಲೂ ಮೊದ್ಲು ನಂಗೆ ಓದಿ ಹೇಳೋರು. ಒಂಬತ್ತು ವರ್ಷ... ನಂಗೆ ಸುಳ್ಳು ಹೇಳಿದ್ರಾ ಹಾಗಾದ್ರೆ?"

"ಹೂಂ ಅನ್ಸುತ್ತೆ ಅತ್ತಿಗೆ."

ಟಿಕ್.

ಮೂಲೆಯಲ್ಲಿದ್ದ ಸುತ್ತೋ ಮಷೀನು. ಬೆಳಿಗ್ಗೆ ಹನ್ನೊಂದು ಗಂಟೆ, ಬಾಗಿಲಿಂದ ಬಿಸಿಲು ಒಳಗೆ ಬಂದಿದೆ, ಮಷೀನಿನ ಹತ್ತಿರ ಯಾರೂ ಇಲ್ಲ. ಹಿಡಿ ಕಾಲು ಸುತ್ತು ಇಳಿದು ನಿಂತಿತ್ತು. ಮೂವರೂ ಅತ್ತ ನೋಡಿದೆವು. ಅತ್ತಿಗೆ ಒಬ್ಬರೇ ಹೆದರಲಿಲ್ಲ. ತುಂಬ ಹೊತ್ತು ಆ ಹಿಡಿಯನ್ನೇ ನೋಡ್ತಾ ನಿಂತು, ಇಳಿದು ಹೋದರು.

ಕದ್ದದ್ದನ್ನ ನಾನು ಹೇಗೋ ಸಹಿಸಿಕೊಳ್ತಿದ್ದೆ. ಆದರೆ ಹೆಂಡತಿಯ ಕಣ್ಣಲ್ಲಿ ಸತ್ತವನನ್ನ ಸುಳ್ಳುಗಾರ ಮಾಡಿ ಕಳಿಸಿದನಲ್ಲ. ಅವನು ಎದ್ದು ಬಂದು ಇಲ್ಲ ಅನ್ನೋ ಹಾಗಿಲ್ಲ. ಹದಿನೈದು ವರ್ಷ ಎಣಿಕೆ ನಂಬಿ ಕೊಟ್ಟವನ ಕತ್ತು ಕೊಯ್ಯೋದು ಅಂದರೆ ಅದೇ.

ನಾನು ರಾತ್ರಿಯವರೆಗೂ ಅಲ್ಲೇ ಕೂತೆ. ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಹೇಳಿದೆ, "ನಡಿ. ಬಾವಿ ದಾರೀಲೇ ಹೋಗೋಣ."

"ಬೇಡ ಪುಟ್ಟಿ."

"ನಾನು ಕೇಳಬೇಕು."

ಹತ್ತೂ ಮುಕ್ಕಾಲಿರಬಹುದು. ಹಿಂದಿನ ದೀಪದ ಬೆಳಕು ಮುಗಿದ ಕಡೆ ನಮ್ಮ ನೆರಳೂ ಮುಗೀತು. ಕಟ್ಟೆ ಪಕ್ಕ ಅಣ್ಣನ ಎಡಗಾಲಿನ ಚಪ್ಪಲಿ ಬಿದ್ದಿತ್ತು. ನನಗೆ ಆ ಭಯದಲ್ಲೂ ಸ್ವಲ್ಪ ನಗು ಬಂತು.

ಆಮೇಲೆ ಬರಲಿಲ್ಲ.

ಕಿರ್ರ್... ಟಿಕ್.

"ಒಂದು..."

ಸುತ್ತಣ್ಣನೇ. "ಒಂದು" ಅನ್ನುವಾಗ ಕೊನೆಯ ಅಕ್ಷರ ನುಂಗೋನು ಅವನು. ಅದೂ ಹಾಗೇ ಇತ್ತು. ಅಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡ. ಹತ್ತು ಆಯ್ತು, ಇಪ್ಪತ್ತು ಆಯ್ತು. ಒಂದೊಂದು ಸಂಖ್ಯೆಗೂ ತಂತಿ ಬಿಗಿಯಾಗೋ ಸಣ್ಣ ಸದ್ದು ಕೇಳಿಸೋದು, ಗಿಣ್... ಗಿಣ್... ಅಂತ. ಬಿಗಿ ಸರಿಯಿದ್ದರೆ ಮಾತ್ರ ಬರೋ ಸದ್ದು ಅದು. ಸತ್ತ ಮೇಲೂ ಕೆಲಸ ಸಡಿಲ ಮಾಡಿರಲಿಲ್ಲ.

"ನಲವತ್ತು... ನಲವತ್ತೊಂದು..."

ನಿಶ್ಶಬ್ದ.

"ಎಷ್ಟಾಯ್ತು?"

ನಾನು ಅಣ್ಣನ ಕಿವಿಗೆ ಹೇಳಿದೆ, "ನಿನ್ನನ್ನ ಕೇಳ್ತಿದಾನೆ. ಹೇಳು."

ಅವನು ತಲೆ ಆಡಿಸಿದ. ಇಲ್ಲ, ಇಲ್ಲ ಅಂತ.

"ಎಷ್ಟಾಯ್ತು...?"

ಎರಡನೇ ಸಲ ಕೇಳಿದಾಗ ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನ ಅಲುಗಾಡಿಸಿದ್ದು. ಅಂಗಡಿಯಲ್ಲಿ ಕೇಳ್ತಿದ್ದನಲ್ಲ, ಇವನು ಹೇಳ್ತಾನೆ ಅಂತ ಪೂರ್ತಿ ನಂಬಿಕೊಂಡು, ಹಾಗೆಯೇ ಕೇಳಿದ. ನನ್ನಿಂದ ತಡೆಯಲಿಕ್ಕೆ ಆಗಲಿಲ್ಲ.

"ನಲವತ್ತೊಂದು," ಅಂದೆ.

ಅಣ್ಣನ ಉಗುರು ನನ್ನ ಕೈಗೆ ಇಳೀತು.

ಶೆಡ್ಡಿನೊಳಗೆ ಸ್ವಲ್ಪ ಹೊತ್ತು ಏನೂ ಇಲ್ಲ. ಮುಗೀತು ಅಂದುಕೊಂಡೆ. ಲೆಕ್ಕ ಸರಿಯಾಯ್ತು, ಇನ್ನು ಹೋಗ್ತಾನೆ ಅಂತ. ಆಮೇಲೆ...

ಸರ್ರ್ರ್ರ್...

ತಂತಿ ಬಿಚ್ಚೋ ಸದ್ದು. ಉದ್ದಕ್ಕೆ, ನಿಧಾನವಾಗಿ, ಪೂರ್ತಿ. ಕೊನೇ ತುದಿ ನೆಲಕ್ಕೆ ತಾಗಿದ್ದೂ ಕೇಳಿಸ್ತು.

ಕಿರ್ರ್... ಟಿಕ್.

"ಒಂದು..."

ಮುಂದಿನ ದೀಪದವರೆಗೂ ಓಡಿದೆವು. ಅಲ್ಲಿ ಕಂಬ ಹಿಡಿದು ನಿಂತು ಕೇಳಿದೆ, "ಯಾಕೆ ಬಿಚ್ಚಿದ? ನಲವತ್ತೊಂದೇ ಅಲ್ವಾ? ನಾನೇ ನೋಡಿದ್ನಲ್ಲ."

ಅಣ್ಣ ಬೇರೆ ಕಡೆ ನೋಡಿದ. ನಾನು ಅದಕ್ಕೆ ಅರ್ಥ ಹುಡುಕಲಿಲ್ಲ.

ಆ ರಾತ್ರಿಯೇ ಮನೆಗೆ ಹೋಗಿ ಕಂಪ್ಯೂಟರ್ ತೆರೆದೆ. ಹೊಸ ಜಾಗದಲ್ಲಿ ಸುತ್ತೋನು ಅಂತ ಖಾತೆ ಮಾಡಿದೆ. ಹಳೇ ಫೈಲ್ ಪಕ್ಕಕ್ಕಿಟ್ಟುಕೊಂಡು, ಒಂದೊಂದೇ ಹುಡುಕಿ, ನಲವತ್ತೊಂದನ್ನೂ ಅವನ ಹೆಸರಿಗೆ ಹಾಕಿದೆ. ಬೆಳಗಾಯ್ತು. ಅತ್ತಿಗೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ತಪ್ಪು ನನ್ನದೂ ಇದೆ ಅಂದೆ. ಅವರು ಪೂರ್ತಿ ಕೇಳಿಸಿಕೊಂಡು, "ನಿನ್ನೆ ರಾತ್ರಿ ಓದ್ಲಿಲ್ಲ ನಾನು, ಇವತ್ತು ಎರಡು ಓದ್ತೀನಿ" ಅಂದರು. ಅಷ್ಟೇ ಮಾತು. ಪುಸ್ತಕದವರಿಗೂ ನಾನೇ ತಿಳಿಸಿದೆ. ಅವರು ಮತ್ತೆ ಅಣ್ಣನಿಗೆ ಫೋನ್ ಮಾಡಲಿಲ್ಲ.

ಅಣ್ಣನ ಜೊತೆ ಮಾತು ನಿಂತಿತು. ಅವನು ಸುತ್ತು ದಾರಿಯಲ್ಲೇ ಮನೆಗೆ ಹೋಗ್ತಿದ್ದ. ಬಾವಿ ಪಕ್ಕದ ಮನೆಯವರು, ರಾತ್ರಿ ಶೆಡ್ಡಿನಲ್ಲಿ ಇಲಿ ಓಡಾಡ್ತವೆ ಅಂತ ದೂರ್ತಿದ್ದರಂತೆ. ಎಣಿಕೆ ನಡೀತಾನೇ ಇತ್ತು ಅಂತ ಇದರ ಅರ್ಥ.

ನಿಜ ಹೇಳ್ತೀನಿ, ನಾನು ಅಣ್ಣನನ್ನ ಪೂರ್ತಿ ಬಿಟ್ಟುಬಿಡಲಿಕ್ಕೆ ಆಗಲಿಲ್ಲ. ಸಿಟ್ಟು ನೆತ್ತಿಗೇರಿದಾಗೆಲ್ಲ ಬೀರು ತೆಗೆದು "ಮುಷ್ಟಿ" ಓದ್ತಿದ್ದೆ. ಏನೋ ಆಸೆಗೆ ಬಿದ್ದು ಕೆಟ್ಟ, ಆದರೆ ಇದನ್ನ ಬರೆದವನ ಎದೆ ಪೂರ್ತಿ ಕೊಳೆತಿರಲಿಕ್ಕೆ ಸಾಧ್ಯ ಇಲ್ಲ ಅಂತ. ಇನ್ನೊಂದು ವಾರ ಬಿಟ್ಟು ನಾನೇ ಫೋನ್ ಮಾಡೋಣ ಅಂದುಕೊಂಡಿದ್ದೆ.

ಒಂದು ತಿಂಗಳಾಗಿತ್ತು. ಸ್ಟುಡಿಯೋದಲ್ಲಿ ಮಧ್ಯಾಹ್ನ ಗಿರಾಕಿ ಇರಲಿಲ್ಲ. ಫೋಟೋ ಎಲ್ಲ ಸರಿಯಾಗಿ ಬಂದಿವೆಯಾ ನೋಡೋಣ ಅಂತ ಬ್ಲಾಗಿನ ಒಳಗೆ ಹೋದೆ. ಲೇಖಕರ ಪಟ್ಟಿ ಕಣ್ಣಿಗೆ ಬಿತ್ತು.

ಬಿಚ್ಚೋನು, ಎಪ್ಪತ್ತು.

ಸುತ್ತೋನು, ನಲವತ್ತೆರಡು.

ತಪ್ಪು ಓದಿದೆ ಅಂದುಕೊಂಡು ಮತ್ತೆ ಓದಿದೆ. ಕೂಡಿಸಿದರೆ ನೂರಾ ಹನ್ನೆರಡೇ. ಹೊಸದೇನೂ ಸೇರಿಲ್ಲ. ಒಂದು ಈ ಕಡೆಯಿಂದ ಆ ಕಡೆಗೆ ಹೋಗಿತ್ತು. ಯಾವುದು ಅಂತ ಹುಡುಕಿದೆ. ಹೆಚ್ಚು ಹುಡುಕಬೇಕಾಗಲಿಲ್ಲ.

"ಮುಷ್ಟಿ". ಬರೆದವನು, ಸುತ್ತೋನು.

ಕುರ್ಚಿಯಲ್ಲಿ ಹಾಗೇ ಕೂತೆ. ಎಲ್ಲ ಒಂದೊಂದಾಗಿ ನೆನಪಾಗ್ತಾ ಬಂತು. ನಾನು ಕೈ ಸುಟ್ಟುಕೊಂಡ ದಿನ ಅಣ್ಣ ಅಂಗಡಿಯಲ್ಲಿ ಇರಲೇ ಇಲ್ಲ. ಮೋಟಾರು ತರಲಿಕ್ಕೆ ಯಾರದೋ ಮನೆಗೆ ಹೋಗಿದ್ದ. ಇದ್ದದ್ದು ಸುತ್ತಣ್ಣ ಒಬ್ಬನೇ. ಎಣಿಸ್ತಿದ್ದ. ನನ್ನ ಬಾಯಿಂದ ಸಣ್ಣಗೆ ಹಾ ಅಂತ ಬಂದಾಗ ತಲೆ ಎತ್ತದೆ ಒಂದು ಬೆರಳು ಎತ್ತಿದ್ದ. ಎಣಿಕೆ ಮುಗಿದ ಮೇಲೆ ಎದ್ದು, ಒಂದು ಮಗ್ಗಿನಲ್ಲಿ ತಣ್ಣೀರು ತುಂಬಿ, ನನ್ನ ಮುಖ ನೋಡದೆ ಪಕ್ಕಕ್ಕಿಟ್ಟು, ಹೋಗಿ ಕೂತುಬಿಟ್ಟ. ಅಷ್ಟು ವರ್ಷ ಆ ಮಗ್ಗು ನನಗೆ ನೆನಪಾಗಿರಲೇ ಇಲ್ಲ. ಇನ್ನು ಆ ಸಾಲು... ತಂಗಿಯನ್ನ ತಂಗಿ ಅನ್ನಲಿಕ್ಕೆ ಅಣ್ಣನಾದವನು ಮನಸ್ಸಲ್ಲಿ ಅಂದುಕೋಬೇಕಾ? ಹೊರಗಿನವನು ಅಂದುಕೋಬೇಕು.

ಅಣ್ಣನಿಗೆ ಫೋನ್ ಮಾಡಿದೆ.

"ಮುಷ್ಟಿ ಬರೆದಿದ್ದು ನೀನಾ?"

ಆ ಕಡೆ ಅವನು ಅಂಗಡಿ ಬಾಗಿಲು ಎಳೆದುಕೊಂಡದ್ದು ಕೇಳಿಸ್ತು.

"ನಿನ್ನ ಹುಟ್ಟಿದ ದಿನ ಇತ್ತು," ಅಂದ. "ನಂಗೆ ಏನೂ ಹೊಳೀಲಿಲ್ಲ. ಅವನು ಬರೆದು ಇಟ್ಕೊಂಡಿದ್ದ. ಕೇಳ್ದೆ. ಕೊಟ್ಟ."

"ಏನೂ ಅನ್ಲಿಲ್ವಾ?"

"ನಂದು ಬೇಕಾದಷ್ಟಿದೆ, ಒಂದು ಹೋದ್ರೆ ಹೋಗ್ಲಿ, ಅವಳಿಗೆ ಖುಷಿಯಾದ್ರೆ ಸಾಕು ಅಂದ."

ಅವನ ದನಿ ಒಡೆದಿತ್ತು. ನನಗೆ ಕರುಣೆ ಬರಲಿಲ್ಲ. ನಾನು ಅತ್ತಿದ್ದು, ಬೀರುವಿನಲ್ಲಿ ಬಚ್ಚಿಟ್ಟುಕೊಂಡಿದ್ದು, ಇವನನ್ನ ಕ್ಷಮಿಸಬೇಕು ಅಂತ ಪದೇ ಪದೇ ತೆಗೆದು ಓದಿದ್ದು, ಎಲ್ಲ ಇನ್ನೊಬ್ಬನ ಕಾಗದ. ಆ ಇನ್ನೊಬ್ಬನಿಗೆ ನಾನು ಜೀವಮಾನದಲ್ಲಿ ಒಂದು ಸಲ ಚೆನ್ನಾಗಿದೀಯಾ ಅಂತ ಕೇಳಿದವಳಲ್ಲ.

ಫೋನ್ ಇಡಬೇಕು ಅನ್ನುವಾಗ ಅವನು ಕೇಳಿದ, ಮೆಲ್ಲಗೆ.

"ಪುಟ್ಟಿ... ಅದನ್ನ ನೀನೇ ಅವನ ಹೆಸರಿಗೆ ಹಾಕಿದ್ಯಾ?"

"ಇಲ್ಲ. ನೀನಲ್ವಾ?"

"ನಾನು ಮುಟ್ಟಿಲ್ಲ."

ಪಾಸ್‌ವರ್ಡ್ ಇರೋದು ನಮ್ಮಿಬ್ಬರ ಹತ್ತಿರ ಮಾತ್ರ. ಯಾರು ಯಾವಾಗ ಏನು ಬದಲಾಯಿಸಿದರು ಅನ್ನೋ ಪಟ್ಟಿಯೂ ಒಳಗೆ ಇದೆ, ತೆಗೆದು ನೋಡಿದೆ. ನಾನು ನಲವತ್ತೊಂದನ್ನ ಸರಿ ಮಾಡಿದ ಆ ರಾತ್ರಿಯ ಮೇಲೆ ಒಂದು ಸಾಲೂ ಇಲ್ಲ.

ಬಾವಿ ಪಕ್ಕದವರು ಈಗ ಇಲಿ ಕಾಟ ಇಲ್ಲ ಅಂತಾರೆ. ಅಣ್ಣ ಇನ್ನೂ ಸುತ್ತು ದಾರಿಯಲ್ಲೇ ಹೋಗ್ತಾನೆ. ನಾನು ಅವನ ಜೊತೆ ಮಾತಾಡಿ ಎರಡು ವರ್ಷ ಆಯ್ತು.

ನಂಬೋರು ನಂಬಿ, ಬಿಡೋರು ಬಿಡಿ. ನಾನು ಕೇಳಿದ್ದು ಈ ಕಿವಿಯಲ್ಲಿ, ನೋಡಿದ್ದು ಈ ಕಣ್ಣಲ್ಲಿ. ಬೇಕಾದರೆ ಫೋನಿನಲ್ಲಿ ಈಗಲೇ ತೆಗೆದು ತೋರಿಸ್ತೀನಿ. ಎಪ್ಪತ್ತು, ನಲವತ್ತೆರಡು. ಹಾಗೇ ಇದೆ.